ವಾಹಕರ ಕಾರ್ಡನ್ನು ಯಾವಾಗ ತೆಗೆಯಬೇಕು

(ಎಸ್ಸೆಸ್ಸೆಲ್ಸಿ ಸಹಪಾಠಿಗಳ ಗುಂಪು. ಹಂಚಿಕೊಂಡ ಚಿತ್ರದಲ್ಲಿದ್ದ ಬರಹ: “ಸಿಕಲ್ ಸೆಲ್ ವಾಹಕರು ಪೂರ್ಣ ಆರೋಗ್ಯವಂತರು. ಕಾರ್ಡನ್ನು ಮದುವೆ ಮಾತುಕತೆಯ ಹೊತ್ತಿಗೆ ತೆಗೆದರೆ ಸಾಕು.” ಸಿಕಲ್ ಸೆಲ್ ಎಂದರೆ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಆನುವಂಶಿಕ ರೋಗ; ತಂದೆ-ತಾಯಿಯರಲ್ಲಿ ಒಬ್ಬರಿಂದ ಮಾತ್ರ ಅದರ ಜೀನ್ ಪಡೆದವರು ವಾಹಕರು; ರಕ್ತಪರೀಕ್ಷೆಯ ಫಲಿತಾಂಶ ಬರೆದು ಕೊಡುವುದೇ ಕಾರ್ಡು. ಇಬ್ಬರು ವಾಹಕರು ಮದುವೆಯಾದರೆ ಮಕ್ಕಳಿಗೆ ರೋಗ ಬರಬಹುದು.)

ಕೋಟೆ ಮೇಷ್ಟ್ರು: ನಮ್ಮ ಆಶ್ರಮಶಾಲೆಯ ಜೇನುಕುರುಬ ಮಕ್ಕಳ ಪೋಷಕರಿಗೆ ಇದನ್ನೇ ಕಳುಹಿಸಬೇಕೆಂದಿದ್ದೇನೆ. ವಾಹಕ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಅವರು ಕಂಗಾಲಾಗುತ್ತಾರೆ.

ಡಾಕ್ಟರಮ್ಮ: ಮೊದಲ ವಾಕ್ಯಕ್ಕೆ ನನ್ನ ತಕರಾರು ಹೆಚ್ಚಿಲ್ಲ ಮೇಷ್ಟ್ರೇ, ಎರಡನೆಯದನ್ನು ಮಾತ್ರ ದಯವಿಟ್ಟು ಕಳುಹಿಸಬೇಡಿ. ಚಿನ್ನಿದಾಂಡು ಆಡುವಾಗ ಚಿನ್ನಿ ಹಾರಿ ಕಣ್ಣಿಗೆ ಬಡಿದರೆ ಒಳಗೆ ರಕ್ತ ಒಸರಿ, ಮಗು ಎದ್ದು ಕುಳಿತಾಗ ಕರಿಗುಡ್ಡೆಯ ಕೆಳಗಂಚಿನಲ್ಲಿ ಬಿದಿಗೆ ಚಂದ್ರನಂತೆ ಕೆಂಪಗೆ ನಿಲ್ಲುವುದುಂಟು. ಉಳಿದ ಮಕ್ಕಳಲ್ಲಿ ಅದು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಂಗಿಹೋಗುತ್ತದೆ; ವಾಹಕ ಮಗುವಿನಲ್ಲಾದರೋ, ಕಣ್ಣೊಳಗಿನ ನೀರಿನಲ್ಲಿ ಆಮ್ಲಜನಕ ಕಡಿಮೆಯಿರುವುದರಿಂದ ಕೆಂಪು ಕಣಗಳು ಕುಡುಗೋಲಿನಂತೆ ಬಾಗಿ, ಬಿರುಸಾಗಿ, ಆ ನೀರು ಹೊರಹೋಗುವ ಜರಡಿಯಂತಹ ದಾರಿಯಲ್ಲಿ ಸಿಕ್ಕಿಕೊಂಡು ಕಣ್ಣಿನ ಒತ್ತಡವನ್ನು ಏರಿಸುತ್ತವೆ.

ಮೆಡಿಕಲ್ಸ್ ಗೌಡ್ರು: ಒತ್ತಡಕ್ಕೆ ಅಸೆಟಜೋಲಮೈಡ್ ಮಾತ್ರೆ ಇದೆಯಲ್ಲ ಡಾಕ್ಟ್ರೇ? ವಾಹಕರಲ್ಲಿ ಅರ್ಧಕ್ಕಿಂತ ಹೆಚ್ಚು ಹಿಮೋಗ್ಲೋಬಿನ್ ಸರಿಯಾದದ್ದೇ ಇರುತ್ತದೆ. ಅವರನ್ನೂ ರೋಗಿಗಳ ಸಾಲಿಗೆ ಸೇರಿಸುವುದು ಅತಿಯಾಯಿತು.

ಡಾಕ್ಟರಮ್ಮ: ಆ ಲೆಕ್ಕ ಮೈಯಲ್ಲಿ ಹರಿಯುವ ರಕ್ತಕ್ಕೆ ಸರಿ ಗೌಡ್ರೇ, ಕಣ್ಣೊಳಗೆ ನಿಂತ ರಕ್ತಕ್ಕೆ ಹೊಂದುವುದಿಲ್ಲ. ನೀವು ಹೇಳಿದ ಮಾತ್ರೆಯೇ ಆಮ್ಲೀಯತೆ ಹೆಚ್ಚಿಸಿ ಕಣಗಳು ಇನ್ನಷ್ಟು ಬಾಗುವಂತೆ ಮಾಡಬಹುದಾದ್ದರಿಂದ ಇವರಿಗೆ ಅದನ್ನು ಬರೆಯಲು ನಾವು ಹಿಂಜರಿಯುತ್ತೇವೆ. ನೋವಿಗೆಂದು ಆಸ್ಪಿರಿನ್ ನುಂಗಿಸಿದರೆ ಮತ್ತೆ ರಕ್ತ ಒಸರುವ ಭಯ ಬೇರೆ. ಕಣ್ಣಿನ ಸಹಜ ಒತ್ತಡ ಪಾದರಸದ ಅಳತೆಯಲ್ಲಿ 10ರಿಂದ 21 ಮಿಲಿಮೀಟರ್. ಬೇರೆಯವರಲ್ಲಿ 35 ಇದ್ದರೂ ಕೆಲವು ದಿನ ಔಷಧಿ ಹಾಕಿ ಕಾಯುತ್ತೇವೆ, ವಾಹಕರಲ್ಲಿ 24ನ್ನು ದಾಟಿ ಒಂದು ಹಗಲು ಒಂದು ರಾತ್ರಿ ನಿಂತರೂ ರಕ್ತವನ್ನು ತೊಳೆದು ತೆಗೆಯುವ ಶಸ್ತ್ರಚಿಕಿತ್ಸೆಯ ಯೋಚನೆ ಮಾಡುತ್ತೇವೆ. ಏಕೆಂದರೆ ಅಷ್ಟು ಏರಿಕೆಗೇ ಅಕ್ಷಿಪಟಲದ (ರೆಟಿನಾದ) ಮುಖ್ಯ ಅಪಧಮನಿಯಲ್ಲಿ ರಕ್ತದ ಹರಿವು ಕುಂದಿ, ನಾಳ ಕಟ್ಟಿಕೊಂಡು, ದೃಷ್ಟಿ ಹೋದ ಪ್ರಕರಣಗಳಿವೆ. ಹಾಗೆ ಕಟ್ಟಿಕೊಂಡ ಮೇಲೆ ನಮ್ಮ ಕೈಯಲ್ಲಿ ಉಳಿಯುವುದು ಕೆಲವೇ ಗಂಟೆ.

ಕೋಟೆ ಮೇಷ್ಟ್ರು: ಇದನ್ನು ಹಾಡಿಯಲ್ಲಿ ಓದಿ ಹೇಳಿದರೆ ನಾಳೆಯಿಂದ ರಕ್ತಪರೀಕ್ಷೆಗೆ ಯಾರೂ ಬರುವುದಿಲ್ಲ. 2023ರ ಜುಲೈನಲ್ಲಿ ಸಿಕಲ್ ಸೆಲ್ ನಿರ್ಮೂಲನೆಯ ರಾಷ್ಟ್ರೀಯ ಅಭಿಯಾನ ಶುರುವಾದಂದಿನಿಂದ ಒಬ್ಬೊಬ್ಬರನ್ನೂ ಒಪ್ಪಿಸಿ ಕರೆತರುವಷ್ಟರಲ್ಲಿ ನನ್ನ ಚಪ್ಪಲಿ ಸವೆದಿದೆ. ಹೆಣ್ಣುಮಕ್ಕಳ ಕಾರ್ಡನ್ನಂತೂ ತಾಯಂದಿರು ಅಕ್ಕಿ ಡಬ್ಬಿಯ ತಳದಲ್ಲಿ ಬಚ್ಚಿಡುತ್ತಾರೆ.

ಡಾಕ್ಟರಮ್ಮ: ಡಬ್ಬಿಯ ತಳದಲ್ಲಿರುವ ಕಾರ್ಡು ಕಣ್ಣಿನ ವೈದ್ಯರ ಮೇಜಿಗೆ ಬರುವುದಿಲ್ಲ ಎಂಬುದೇ ನನ್ನ ದೂರು. ಆಡಿಕೊಂಡು ಓಡಾಡಿಕೊಂಡಿದ್ದ ಮಗುವಿನ ಮುಖ ನೋಡಿ ವಾಹಕವೆಂದು ಯಾರು ಊಹಿಸಿಯಾರು? ಕಣ್ಣನ್ನು ಉಜ್ಜಲು ಬಿಡದೆ, ಒತ್ತದ ಹಾಗೆ ಮೇಲೊಂದು ಕಾಗದದ ಲೋಟ ಮುಚ್ಚಿ, ಅದೇ ದಿನ ಕಾರ್ಡಿನೊಂದಿಗೆ ಆಸ್ಪತ್ರೆಗೆ ಕರೆತರಲಿ ಎಂದಷ್ಟೇ ಬರೆಯಿರಿ.

ಮೆಡಿಕಲ್ಸ್ ಗೌಡ್ರು: ಮಾತ್ರೆಯ ಹೆಸರು ಮಾತ್ರ ಬೇಡ. ಅಂಗಡಿಗೇ ಬಂದು ಜಗಳ ತೆಗೆಯುತ್ತಾರೆ.

ಕೋಟೆ ಮೇಷ್ಟ್ರು: ಮದುವೆಯ ಸಾಲನ್ನು ಅಳಿಸಿ ಕಣ್ಣಿನ ಸಾಲನ್ನು ಹಾಕುತ್ತೇನೆ. “ಪೂರ್ಣ ಆರೋಗ್ಯವಂತರು” ಎಂಬುದನ್ನು ಮಾತ್ರ ನೀವು ಎಷ್ಟು ಹೇಳಿದರೂ ತೆಗೆಯುವುದಿಲ್ಲ.