ಗಾಲ್ಫ್ ಅಭ್ಯಾಸದ ರೇಂಜ್‌ನಲ್ಲಿ ಎಲ್ಲಾ ಸರಿ, ಕೋರ್ಸ್‌ಗೆ ಹೋದರೆ ಒಂದು ದಿನ 87, ಇನ್ನೊಂದು ದಿನ 104. ಎಲ್ಲಿ ತಪ್ಪುತ್ತಿದೆ?

ಬೋಗಿ ಗಾಲ್ಫರ್

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಆಡುತ್ತೇನೆ, ಬಲಗೈ ಆಟಗಾರ. ಹ್ಯಾಂಡಿಕ್ಯಾಪ್ ಇಂಡೆಕ್ಸ್ (ಆಟದ ಮಟ್ಟ ತೋರಿಸುವ ಅಂಕಿ) 17.6, ನಮ್ಮ ಕೋರ್ಸ್‌ನಲ್ಲಿ ಅದು 20 ಹೆಚ್ಚುವರಿ ಹೊಡೆತ ಆಗುತ್ತದೆ. ಪಾರ್, ಅಂದರೆ ಕೋರ್ಸಿಗೆ ನಿಗದಿಯಾದ ಹೊಡೆತ, 72.

ಈಚೆಗೆ ಒಂದು ದಿನ 87 ಬಂತು. ಇನ್ನು 85ರ ಒಳಗೆ ಬರಬಹುದು ಅಂದುಕೊಂಡಿದ್ದೆ. ಮುಂದಿನ ವಾರ 104. ಆಮೇಲೆ 96, 93, ಮತ್ತೆ 101. ಅದೇ ಕ್ಲಬ್, ಅದೇ ಕೋರ್ಸ್, ಅದೇ ಸ್ವಿಂಗ್ ಅಂತ ನನಗನಿಸುತ್ತದೆ. ರೇಂಜ್‌ನಲ್ಲಿ 7 ಐರನ್ ನೇರವಾಗಿ ಹೋಗುತ್ತದೆ, ಕೋರ್ಸ್‌ನಲ್ಲಿ ಬಾಲ್‌ಗಿಂತ ಹಿಂದೆ ನೆಲಕ್ಕೆ ಬಡಿಯುತ್ತೇನೆ. ಡ್ರೈವರ್ ಹೊಡೆತ ಬಲಕ್ಕೆ ತಿರುಗಿ ಓಬಿ (ಕೋರ್ಸಿನ ಗಡಿಯ ಹೊರಗೆ) ಆಗುತ್ತದೆ. ತ್ರೀ ಪಟ್ (ಗ್ರೀನ್‌ನಲ್ಲಿ ಬಾಲ್ ಹೋಲ್‌ಗೆ ಉರುಳಿಸಲು ಮೂರು ಹೊಡೆತ) ಬೇರೆ. ಪ್ರತಿ ವಾರ ಒಂದೊಂದು ವಿಡಿಯೋ ನೋಡಿ ಒಂದೊಂದು ಬದಲಾವಣೆ ಮಾಡುತ್ತಿದ್ದೇನೆ, ಯಾವುದೂ ನಿಲ್ಲುತ್ತಿಲ್ಲ. ಹೊಸ ಡ್ರೈವರ್ ತೆಗೆದುಕೊಳ್ಳಲಾ, ಸ್ವಿಂಗ್ ಮೊದಲಿನಿಂದ ಕಲಿಯಲಾ? ಎಲ್ಲಿಂದ ಶುರು ಮಾಡಬೇಕು ಹೇಳಿ.

ಮೈಸೂರು ಟೀ ಬಾಕ್ಸ್

ಸರ್, ಸ್ವಿಂಗ್ ವಿಷಯಕ್ಕೆ ಬರುವ ಮೊದಲು ಅಂಕಿ ನೋಡೋಣ. ನೀವು ಕೊಟ್ಟ ಐದು ಸ್ಕೋರ್‌ಗಳ ಸರಾಸರಿ 96 ಚಿಲ್ಲರೆ. 20 ಹ್ಯಾಂಡಿಕ್ಯಾಪ್‌ನವರಿಗೆ ಅದು ಸಹಜವಾದ ಸರಾಸರಿ. ಯಾಕೆ ಅಂದರೆ, 2020ರಿಂದ ಜಾರಿಯಲ್ಲಿರುವ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಇಂಡೆಕ್ಸ್ ಲೆಕ್ಕ ಹಾಕುವುದು ಕೊನೆಯ 20 ಸುತ್ತುಗಳಲ್ಲಿ ಅತ್ಯುತ್ತಮ 8ರ ಮೇಲೆ. ಉಳಿದ 12 ಸುತ್ತು ಲೆಕ್ಕಕ್ಕೇ ಬರುವುದಿಲ್ಲ. ಅಂದರೆ ನಿಮ್ಮ ಹ್ಯಾಂಡಿಕ್ಯಾಪ್ ಹೇಳುವುದು ನೀವು ಚೆನ್ನಾಗಿ ಆಡಿದ ದಿನ ಎಷ್ಟು ಹೊಡೆಯುತ್ತೀರಿ ಅಂತ. ಸಾಮಾನ್ಯವಾಗಿ ನಾಲ್ಕೈದು ಸುತ್ತಿಗೆ ಒಮ್ಮೆ ಆ ಮಟ್ಟ ಮುಟ್ಟುತ್ತೇವೆ, ಉಳಿದ ದಿನ ಮೂರು ನಾಲ್ಕು ಹೊಡೆತ ಜಾಸ್ತಿಯೇ ಆಗುತ್ತದೆ. ನಿಮಗೆ 92 ಒಳ್ಳೆಯ ದಿನ, 95–96 ಮಾಮೂಲಿ ದಿನ. 87 ಬಂದದ್ದು ಅಪರೂಪದ ದಿನ, ಅದನ್ನು ಖುಷಿಯಿಂದ ಇಟ್ಟುಕೊಳ್ಳಿ, ಆದರೆ ಮುಂದಿನ ವಾರದ ಆಟವನ್ನು ಅದರಿಂದ ಅಳೆಯಬೇಡಿ.

ಹಾಗಂತ ಸುಧಾರಿಸುವುದಕ್ಕೆ ಏನೂ ಇಲ್ಲ ಅಂತ ಹೇಳುತ್ತಿಲ್ಲ. 104 ಯಾಕೆ ಆಯಿತು ಅನ್ನುವುದು ಗೊತ್ತಾಗಬೇಕು. ಕೆಲವು ಪ್ರಶ್ನೆ: 87ರ ದಿನ ಎಷ್ಟು ಪೆನಾಲ್ಟಿ, 104ರ ದಿನ ಎಷ್ಟು? ಯಾವ ಟೀಯಿಂದ (ಮೊದಲ ಹೊಡೆತದ ಜಾಗ) ಆಡುತ್ತೀರಿ, ಕೋರ್ಸ್ ಎಷ್ಟು ಗಜ? ಡ್ರೈವರ್ ನಿಜವಾಗಿ ಎಷ್ಟು ದೂರ ಹೋಗುತ್ತದೆ? ಬಾಲ್ ಹೊರಡುವಾಗಲೇ ಬಲಕ್ಕೆ ಹೊರಡುತ್ತದಾ, ಇಲ್ಲಾ ಮೊದಲು ನೇರ ಹೋಗಿ ಆಮೇಲೆ ತಿರುಗುತ್ತದಾ?

ಬೋಗಿ ಗಾಲ್ಫರ್

ಕಾರ್ಡ್ ತೆಗೆದು ನೋಡಿದೆ ಸರ್. 87ರ ದಿನ ಒಂದೇ ಪೆನಾಲ್ಟಿ. 104ರ ದಿನ ಮೂರು ಓಬಿ, ಎರಡು ಸಲ ನೀರು. ಬ್ಲೂ ಟೀ, ಹೆಚ್ಚುಕಡಿಮೆ 6,600 ಗಜ. ಗೆಳೆಯರೆಲ್ಲ ಅಲ್ಲಿಂದಲೇ ಆಡುತ್ತಾರೆ. ಡ್ರೈವರ್ ಸರಿಯಾಗಿ ಸಿಕ್ಕರೆ 240, ಸರಾಸರಿ ಎಷ್ಟು ಅಂತ ಅಳೆದಿಲ್ಲ. ಬಾಲ್ ಸ್ವಲ್ಪ ಎಡಕ್ಕೆ ಅಥವಾ ನೇರ ಹೊರಟು ಆಮೇಲೆ ಜೋರಾಗಿ ಬಲಕ್ಕೆ ಹೋಗುತ್ತದೆ.

ಮೈಸೂರು ಟೀ ಬಾಕ್ಸ್

ನೋಡಿ, ಉತ್ತರ ನಿಮ್ಮ ಕಾರ್ಡಿನಲ್ಲೇ ಇದೆ. ಟೀಯಿಂದ ಓಬಿ ಆದರೆ ಒಂದು ಪೆನಾಲ್ಟಿ ಸೇರಿ ಅಲ್ಲಿಂದಲೇ ಮೂರನೇ ಹೊಡೆತ. ಮೂರು ಓಬಿ ಅಂದರೆ ಆರು ಹೊಡೆತ ಹೋಯಿತು, ನೀರಿನ ಎರಡು ಸೇರಿಸಿದರೆ ಎಂಟು. ಉಳಿದ ಆಟ ಹಾಗೇ ಇದ್ದು ಇವು ಮಾತ್ರ ಇಲ್ಲದಿದ್ದರೆ ಆ ದಿನ 96. ನಿಮ್ಮ ಸ್ವಿಂಗ್ ಒಂದೇ ವಾರದಲ್ಲಿ ಹಾಳಾಗಿಲ್ಲ. ಬಾಲ್ ಬೌಂಡರಿ ದಾಟಿತು, ಅಷ್ಟೇ.

ಇಲ್ಲಿ ಒಂದು ವಿಷಯ ಮನಸ್ಸಿಗೆ ಇಳಿಯಬೇಕು. ಟೂರ್ ಆಡುವ ವೃತ್ತಿಪರರೂ ಫೇರ್‌ವೇ (ಕತ್ತರಿಸಿದ ಹುಲ್ಲಿನ ದಾರಿ) ಹಿಡಿಯುವುದು ನೂರಕ್ಕೆ ಸುಮಾರು 60 ಸಲ. ಅವರ ಡ್ರೈವರ್ ಹೊಡೆತಗಳೇ ಎಡದಿಂದ ಬಲಕ್ಕೆ ಹೆಚ್ಚುಕಡಿಮೆ 60 ಗಜ ಹರಡಿಕೊಳ್ಳುತ್ತವೆ. ನಮ್ಮದು ಅದಕ್ಕಿಂತ ಅಗಲ. ಹಾಗಾಗಿ ಫೇರ್‌ವೇ ಮಧ್ಯಕ್ಕೆ ಗುರಿ ಇಟ್ಟು ಪ್ರತಿ ಸಲ ಅಲ್ಲಿಗೇ ಹೋಗಬೇಕು ಅನ್ನುವುದು ಆಗದ ಮಾತು. ಹರಡುವ ಅಷ್ಟೂ ಜಾಗವನ್ನು ಸುರಕ್ಷಿತ ಕಡೆಗೆ ಸರಿಸಬೇಕು. ಬಲಕ್ಕೆ ಓಬಿ ಇದ್ದರೆ ಟೀ ಬಾಕ್ಸಿನ ಬಲ ತುದಿಯಲ್ಲಿ ಟೀ ಹಾಕಿ ಎಡ ರಫ್‌ಗೆ (ಫೇರ್‌ವೇ ಪಕ್ಕದ ಉದ್ದ ಹುಲ್ಲು) ಗುರಿ ಇಡಿ. ಮಾಮೂಲಿಯಾಗಿ ತಿರುಗಿದರೆ ಫೇರ್‌ವೇ, ಜಾಸ್ತಿ ತಿರುಗಿದರೆ ಬಲ ರಫ್, ತಿರುಗದೇ ಹೋದರೆ ಎಡ ರಫ್. ಮೂರೂ ಕಡೆ ಬಾಲ್ ಸಿಗುತ್ತದೆ. ಅಷ್ಟು ಜಾಗವೂ ಇಲ್ಲದ ಹೋಲ್‌ನಲ್ಲಿ ಡ್ರೈವರ್ ಬಿಟ್ಟು ಹೈಬ್ರಿಡ್ ತೆಗೆಯಿರಿ.

ಇನ್ನು 6,600 ಗಜ ನಿಮಗೆ ಉದ್ದ ಜಾಸ್ತಿ. ಸರಾಸರಿ 225 ಗಜ ಡ್ರೈವ್ ಮಾಡುವವರಿಗೆ 5,800ರಿಂದ 6,000 ಗಜ ಸರಿಹೊಂದುತ್ತದೆ ಅಂತ ಅಮೆರಿಕದ ಗಾಲ್ಫ್ ಸಂಸ್ಥೆಗಳು ಬಹಳ ವರ್ಷಗಳಿಂದ ಹೇಳುತ್ತಿವೆ. 250 ಗಜ ಹೊಡೆಯುವವರಿಗೇ 6,200–6,400. ಅದೂ ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು, ಬಾಲ್ ನೂರಕ್ಕೆ ಮೂರರಷ್ಟು ಜಾಸ್ತಿ ಹೋಗುತ್ತದೆ. ಅದನ್ನೂ ಸೇರಿಸಿ ನಿಮ್ಮ 240 ಅತ್ಯುತ್ತಮ ಹೊಡೆತ. ಒಂದು ಸಮತಟ್ಟಾದ ಹೋಲ್‌ನಲ್ಲಿ ಬಾಲ್ ನಿಂತ ಜಾಗದಿಂದ ಟೀಗೆ ರೇಂಜ್‌ಫೈಂಡರ್ ಹಿಡಿದು, ಒಳ್ಳೆಯದು ಕೆಟ್ಟದ್ದು ಎಲ್ಲಾ ಸೇರಿಸಿ ಸರಾಸರಿ ತೆಗೆಯಿರಿ.

ರೇಂಜ್ ಗುರು

ಡ್ರೈವರ್ ಬಗ್ಗೆ ಸೇರಿಸುತ್ತೇನೆ. ಬಾಲ್ ಹೊರಡುವ ದಿಕ್ಕು ಹೆಚ್ಚಾಗಿ ಕ್ಲಬ್ ಮುಖ ನೋಡುವ ದಿಕ್ಕು. ಆಮೇಲೆ ತಿರುಗುವುದು ಮುಖಕ್ಕೂ ಕ್ಲಬ್ ಸಾಗುವ ದಾರಿಗೂ ಇರುವ ವ್ಯತ್ಯಾಸದಿಂದ. ನಿಮ್ಮದು ನೇರ ಅಥವಾ ಎಡಕ್ಕೆ ಹೊರಟು ಬಲಕ್ಕೆ ತಿರುಗುತ್ತದೆ, ಅಂದರೆ ಕ್ಲಬ್ ಹೊರಗಿನಿಂದ ಒಳಕ್ಕೆ ಎಳೆದುಕೊಂಡು ಬರುತ್ತಿದೆ. ಆದರೆ ಇನ್ನೊಂದು ಸಾಧ್ಯತೆ ಇದೆ, ಅದನ್ನು ಮೊದಲು ನೋಡಿ. ಮುಖದ ಹೀಲ್ ಭಾಗದಲ್ಲಿ, ಅಂದರೆ ಶಾಫ್ಟ್ ಕಡೆಗೆ, ಬಾಲ್ ತಾಗಿದರೂ ಬಲಕ್ಕೆ ತಿರುಗಿಸುವ ಸ್ಲೈಸ್ ಸ್ಪಿನ್ ಹುಟ್ಟುತ್ತದೆ. ಬಿಳಿ ಬೋರ್ಡ್‌ಗೆ ಬರೆಯುವ ಮಾರ್ಕರ್‌ನಿಂದ ಬಾಲ್ ಹಿಂಬದಿಗೆ ಒಂದು ದಪ್ಪ ಚುಕ್ಕೆ ಇಡಿ. ಹೊಡೆದ ಮೇಲೆ ಆ ಚುಕ್ಕೆ ಕ್ಲಬ್ ಮುಖದ ಮೇಲೆ ಅಚ್ಚಾಗುತ್ತದೆ. ಎಲ್ಲಿ ತಾಗುತ್ತಿದೆ ಅಂತ ಗೊತ್ತಾಗದೇ ಹೊಸ ಡ್ರೈವರ್‌ಗೆ ದುಡ್ಡು ಹಾಕಬೇಡಿ ದಯವಿಟ್ಟು.

ಐರನ್ ಸಮಸ್ಯೆಗೆ ಕಾರಣ ರೇಂಜ್‌ನ ಮ್ಯಾಟ್. ಮ್ಯಾಟ್ ಮೇಲೆ ಎರಡು ಇಂಚು ಹಿಂದೆ ಬಡಿದರೂ ಕ್ಲಬ್ ಜಾರಿ ಬಾಲ್‌ಗೆ ಬರುತ್ತದೆ, ಬಾಲ್ ನೇರ ಹೋಗುತ್ತದೆ, ಶಬ್ದವೂ ಚೆನ್ನಾಗಿರುತ್ತದೆ. ಅದೇ ಹೊಡೆತ ಮಳೆ ಬಿದ್ದ ಮೆತ್ತನೆಯ ಫೇರ್‌ವೇಯಲ್ಲಿ 40 ಗಜ ಹೋಗಿ ಬೀಳುತ್ತದೆ. ಹಾಗಾಗಿ ನಿಮಗೆ ರೇಂಜ್‌ನಲ್ಲಿ ಒಂದು ಸ್ವಿಂಗ್, ಕೋರ್ಸ್‌ನಲ್ಲಿ ಇನ್ನೊಂದು ಇದೆ ಅಂತ ನನಗನಿಸುವುದಿಲ್ಲ. ಎರಡೂ ಕಡೆ ಅದೇ ಸ್ವಿಂಗ್, ಮ್ಯಾಟ್ ತೋರಿಸಿಕೊಡುವುದಿಲ್ಲ ಅಷ್ಟೇ. ಒಳ್ಳೆಯ ಐರನ್ ಹೊಡೆತದಲ್ಲಿ ಕ್ಲಬ್‌ನ ಅತಿ ತಗ್ಗಿನ ಬಿಂದು ಬಾಲ್‌ಗಿಂತ ಮುಂದೆ ಇರಬೇಕು, ಡಿವೋಟ್ (ಕ್ಲಬ್ ಹುಲ್ಲು ಕಿತ್ತ ಗುರುತು) ಕೂಡ ಮುಂದೆ ಬೀಳಬೇಕು.

ಪ್ರಾಕ್ಟೀಸ್ ಬಂಕರ್‌ಗೆ ಹೋಗಿ ಮರಳಿನ ಮೇಲೆ ಒಂದು ಉದ್ದ ಗೆರೆ ಎಳೆಯಿರಿ. ಬಾಲ್ ಬೇಡ. 9 ಐರನ್‌ನಲ್ಲಿ ಅರ್ಧ ಸ್ವಿಂಗ್ ಮಾಡುತ್ತಾ ಗೆರೆಯ ಮುಂದಿನ ಮರಳು ಮಾತ್ರ ಹಾರಬೇಕು. ಗೆರೆಯ ಹಿಂದೆ ಮರಳು ಎದ್ದರೆ ತೂಕ ಬಲಗಾಲಿನಲ್ಲೇ ಉಳಿದಿದೆ ಅಂತ ಅರ್ಥ. ಮ್ಯಾಟ್ ಮೇಲೇ ಮಾಡಬೇಕಾದರೆ ಬಾಲ್‌ಗಿಂತ ನಾಲ್ಕು ಇಂಚು ಹಿಂದೆ ಒಂದು ಟವೆಲ್ ಮಡಚಿ ಇಟ್ಟು ಅದಕ್ಕೆ ತಾಗದ ಹಾಗೆ ಹೊಡೆಯಿರಿ. ವಿಡಿಯೋ ನೋಡುವುದು ಸದ್ಯಕ್ಕೆ ನಿಲ್ಲಿಸಿ, ಇದೊಂದನ್ನೇ ಮಾಡಿ. ಇನ್ನೊಂದು, 7 ಐರನ್ ಹಿಡಿದು ಒಂದೇ ಗುರಿಗೆ ಬುಟ್ಟಿ ಖಾಲಿ ಮಾಡಿದರೆ ಕೈ ಪಳಗಿದ ಹಾಗೆ ಕಾಣುತ್ತದೆ, ಆದರೆ ಕೋರ್ಸ್‌ನಲ್ಲಿ ಒಂದೇ ಕ್ಲಬ್ ಎರಡು ಸಲ ಸಾಲಾಗಿ ಹೊಡೆಯುವುದು ಅಪರೂಪ ಅಲ್ವಾ. ಬುಟ್ಟಿಯ ಕೊನೆಯ ಅರ್ಧದಲ್ಲಿ ನಿಮ್ಮ ಕೋರ್ಸನ್ನೇ ಮನಸ್ಸಿನಲ್ಲಿ ಆಡಿ: ಡ್ರೈವರ್, ಆಮೇಲೆ 6 ಐರನ್, ಆಮೇಲೆ ವೆಜ್, ಪ್ರತಿ ಬಾಲ್‌ಗೂ ಹೊಸ ಗುರಿ.

ಕಾಫಿನಾಡು ಪಟ್ಟರ್

ನಾನು ಚಿಕ್ಕಮಗಳೂರಿನಲ್ಲಿ ಆಡುತ್ತೇನೆ. ಎಲ್ಲರೂ ಡ್ರೈವರ್, ಐರನ್ ಅಂತಲೇ ಬರೆದಿದ್ದೀರಿ, ತ್ರೀ ಪಟ್ ಯಾರೂ ಮುಟ್ಟಿಲ್ಲ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರನ್ನು ನೆನೆಸಿಕೊಳ್ಳಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ, 2021ರ ಆಗಸ್ಟ್‌ನಲ್ಲಿ, ಡ್ರೈವ್ ದೂರದಲ್ಲಿ ತೀರಾ ಹಿಂದಿದ್ದವರಲ್ಲಿ ಅವರೂ ಒಬ್ಬರು. ಆದರೂ 15 ಅಂಡರ್ (ಪಾರ್‌ಗಿಂತ 15 ಕಡಿಮೆ) ಹೊಡೆದು ನಾಲ್ಕನೇ ಸ್ಥಾನ, ಪದಕ ಒಂದೇ ಹೊಡೆತದಲ್ಲಿ ತಪ್ಪಿತು. ಪಟ್ಟರ್ ಬಲದಿಂದ ಅಲ್ಲಿಯವರೆಗೆ ಬಂದವರು. ಪಟ್ಟಿಂಗ್ ಸುಧಾರಿಸಲು ದೈಹಿಕ ಬಲ ಬೇಕಿಲ್ಲ, ವಯಸ್ಸೂ ಅಡ್ಡ ಬರುವುದಿಲ್ಲ.

ಇಲ್ಲೂ ನಿರೀಕ್ಷೆ ಸರಿ ಇರಬೇಕು. 8 ಅಡಿಯಿಂದ ಟೂರ್ ವೃತ್ತಿಪರರು ಹಾಕುವುದು ಅರ್ಧದಷ್ಟು ಮಾತ್ರ. 20 ಅಡಿಯಿಂದ ನೂರಕ್ಕೆ 15ರ ಹತ್ತಿರ. ನೀವು 8 ಅಡಿಯದು ತಪ್ಪಿತು ಅಂತ ಬೇಜಾರು ಮಾಡಿಕೊಂಡು ಮುಂದಿನ ಟೀಗೆ ಹೋದರೆ ಅಲ್ಲಿ ಡ್ರೈವರ್ ಕೂಡ ಕೆಡುತ್ತದೆ. ತ್ರೀ ಪಟ್ ಆಗುವುದು ಹೆಚ್ಚಾಗಿ ಮೊದಲ ಪಟ್‌ನ ವೇಗ ತಪ್ಪಿದಾಗ, ಲೈನ್ ತಪ್ಪಿದಾಗ ಕಡಿಮೆ. ಆಟಕ್ಕೆ ಮುಂಚೆ ಅಭ್ಯಾಸದ ಗ್ರೀನ್‌ನಲ್ಲಿ 30, 40, 50 ಅಡಿಯಿಂದ ಒಂದೊಂದೇ ಬಾಲ್ ಹೊಡೆದು ಹೋಲ್ ಸುತ್ತ ಪಟ್ಟರ್ ಉದ್ದದ ವೃತ್ತದೊಳಗೆ ನಿಲ್ಲಿಸಿ. ಬರ್ಮುಡಾ ಹುಲ್ಲಿನ ಗ್ರೀನ್ ಆಗಿದ್ದರೆ ಹುಲ್ಲು ಮಲಗಿರುವ ದಿಕ್ಕನ್ನೂ ನೋಡಿ. ನೀವು ನಿಂತ ಕಡೆಯಿಂದ ಹುಲ್ಲು ಹೊಳೆಯುತ್ತಿದ್ದರೆ ಬಾಲ್ ಬೇಗ ಓಡುತ್ತದೆ, ಕಪ್ಪಾಗಿ ಕಂಡರೆ ನಿಧಾನ. ಹಳೆಯ ಕ್ಯಾಡಿಗಳಿಗೆ ಇದು ಚೆನ್ನಾಗಿ ಗೊತ್ತು, ಕೇಳಿ.

ಮೈಸೂರು ಟೀ ಬಾಕ್ಸ್

ಮೇಡಂ, ಪಟ್‌ನ ವೇಗದ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ಆದರೆ ಎಲ್ಲಿಂದ ಶುರು ಅನ್ನುವುದರಲ್ಲಿ ನನ್ನ ಅಭಿಪ್ರಾಯ ಬೇರೆ. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರಾಡಿ ಅವರು ಟೂರ್ ಆಟಗಾರರದ್ದೂ ನಮ್ಮಂಥವರದ್ದೂ ಲಕ್ಷಾಂತರ ಹೊಡೆತಗಳ ಲೆಕ್ಕ ಹಾಕಿದ್ದಾರೆ. ಒಳ್ಳೆಯ ಆಟಗಾರನಿಗೂ ಸಾಧಾರಣ ಆಟಗಾರನಿಗೂ ಇರುವ ಸ್ಕೋರ್ ಅಂತರದಲ್ಲಿ ಸುಮಾರು ಮೂರನೇ ಎರಡು ಭಾಗ 100 ಗಜಕ್ಕಿಂತ ದೂರದ ಹೊಡೆತಗಳಿಂದಲೇ ಬರುತ್ತದೆ. ಅದಿತಿ ಅವರು ದೂರ ಹೊಡೆಯದಿದ್ದರೂ ಬಾಲ್ ಆಟದಲ್ಲೇ ಇರುತ್ತದೆ, ಓಬಿಗೆ ಹೋಗುವುದಿಲ್ಲ. ಇವರ 104ರಲ್ಲಿ ಎಂಟು ಹೊಡೆತ ಟೀ ಹತ್ತಿರವೇ ಮತ್ತು ನೀರಿನಲ್ಲೇ ಹೋಗಿವೆ. ಮೊದಲು ಅದು, ಆಮೇಲೆ ಪಟ್ಟರ್.

ಕಾಫಿನಾಡು ಪಟ್ಟರ್

ಒಪ್ಪಿದೆ, ಪೆನಾಲ್ಟಿ ಮೊದಲು. ಆದರೆ ಪಟ್ಟಿಂಗ್‌ಗೆ ಅವರು ರೇಂಜ್‌ಗೆ ಹೋಗುವ ದಿನವೇ ಹತ್ತು ನಿಮಿಷ ಸಾಕು, ಎರಡನ್ನೂ ಒಟ್ಟಿಗೆ ಮಾಡಬಹುದು.

ಬೋಗಿ ಗಾಲ್ಫರ್

ತಡವಾಗಿ ಬರೆಯುತ್ತಿದ್ದೇನೆ, ಎಲ್ಲರಿಗೂ ಧನ್ಯವಾದ. ಮಾರ್ಕರ್ ಚುಕ್ಕೆ ಹೆಚ್ಚಾಗಿ ಹೀಲ್ ಕಡೆಗೇ ಬಿತ್ತು. ಬಾಲ್‌ಗೆ ತೀರಾ ಹತ್ತಿರ ನಿಲ್ಲುತ್ತಿದ್ದೆ, ಒಂದಿಷ್ಟು ಹಿಂದೆ ಸರಿದ ಮೇಲೆ ತಿರುವು ಕಡಿಮೆ ಆಗಿದೆ, ಪೂರ್ತಿ ಹೋಗಿಲ್ಲ. ಸರಾಸರಿ ಡ್ರೈವ್ ಅಳೆದರೆ 220. ಬ್ಲೂಗಿಂತ ಮುಂದಿರುವ ವೈಟ್ ಟೀಯಿಂದ ಆಡಿದೆ: ಒಂದು ಸಲ 91, ಓಬಿ ಇಲ್ಲ. ಇನ್ನೊಂದು ಸಲ 98. ಆ 98ರಲ್ಲಿ ಮೊದಲ ಒಂಬತ್ತು 44, ಕೊನೆಯ ಒಂಬತ್ತು 54. ಇದಕ್ಕೇನು ಮಾಡಲಿ? ಇನ್ನೊಂದು, ವೈಟ್‌ಗೆ ಹೋದರೆ ಹ್ಯಾಂಡಿಕ್ಯಾಪ್‌ಗೆ ಮೋಸ ಮಾಡಿದ ಹಾಗೆ ಅಂತ ಗೆಳೆಯರು ಹೇಳುತ್ತಾರೆ.

ರೇಂಜ್ ಗುರು

ಕೊನೆಯ ಒಂಬತ್ತರಲ್ಲಿ ಐರನ್ ಮತ್ತೆ ನೆಲಕ್ಕೆ ಬಡಿಯಿತಾ? ಹಾಗಿದ್ದರೆ ಅದು ದಣಿವು. ಕಾಲು ಸೋತಾಗ ತೂಕ ಎಡಕ್ಕೆ ಹೋಗುವುದು ನಿಲ್ಲುತ್ತದೆ. ಬೆಂಗಳೂರಿನ ಬಿಸಿಲಲ್ಲಿ ನಡೆದು ಆಡುವವರು ಬಾಯಾರಿಕೆ ಆಗುವ ಮೊದಲೇ ನೀರು ಕುಡಿಯಬೇಕು, ಬಾಳೆಹಣ್ಣೋ ಕಡಲೆಬೀಜವೋ ನಾಲ್ಕೈದು ಹೋಲ್‌ಗೊಮ್ಮೆ ತಿನ್ನಬೇಕು. ಒಂಬತ್ತು ಹೋಲ್ ಮುಗಿದಾಗ ಕೂತು ಎಣ್ಣೆ ತಿಂಡಿ ತಿಂದು ಎದ್ದರೆ ಹತ್ತನೇ ಹೋಲ್‌ನಲ್ಲಿ ಮೈ ಏಳುವುದಿಲ್ಲ. ಹತ್ತರ ನಂತರ ಅದೇ ದೂರಕ್ಕೆ ಒಂದು ಕ್ಲಬ್ ದೊಡ್ಡದು ತೆಗೆದು ಸಲೀಸಾಗಿ ಹೊಡೆಯಿರಿ. ಒಂಬತ್ತಕ್ಕೆ ಸ್ಕೋರ್ ಕೂಡಿಸುವ ಅಭ್ಯಾಸ ಇದ್ದರೆ ಬಿಡಿ. 44 ಅಂತ ಗೊತ್ತಾದ ಕೂಡಲೇ ಮನಸ್ಸು 88ರ ಲೆಕ್ಕ ಶುರು ಮಾಡುತ್ತದೆ, ಕೈ ಗ್ರಿಪ್ ಬಿಗಿ ಹಿಡಿಯುತ್ತದೆ.

ಮೈಸೂರು ಟೀ ಬಾಕ್ಸ್

ಮೋಸದ ಪ್ರಶ್ನೆಯೇ ಇಲ್ಲ. ಪ್ರತಿ ಟೀಗೂ ಬೇರೆ ಕೋರ್ಸ್ ರೇಟಿಂಗ್, ಬೇರೆ ಸ್ಲೋಪ್ (ಎರಡೂ ಆ ಟೀ ಎಷ್ಟು ಕಷ್ಟ ಅಂತ ಹೇಳುವ ಅಂಕಿ) ಇರುತ್ತದೆ. ಇಂಡೆಕ್ಸನ್ನು ಸ್ಲೋಪ್‌ನಿಂದ ಗುಣಿಸಿ 113ರಿಂದ ಭಾಗಿಸಿ, ರೇಟಿಂಗ್‌ಗೂ ಪಾರ್‌ಗೂ ಇರುವ ವ್ಯತ್ಯಾಸ ಸೇರಿಸಬೇಕು. ಉದಾಹರಣೆಗೆ ಬ್ಲೂ ರೇಟಿಂಗ್ 72, ಸ್ಲೋಪ್ 128 ಇದ್ದರೆ ನಿಮ್ಮ 17.6ಕ್ಕೆ 20 ಹೊಡೆತ ಸಿಗುತ್ತವೆ. ವೈಟ್ ರೇಟಿಂಗ್ 69.4, ಸ್ಲೋಪ್ 120 ಇದ್ದರೆ 16 ಮಾತ್ರ. ಅಂದರೆ ಮುಂದಿನ ಟೀಗೆ ಹೋದ ಅನುಕೂಲವನ್ನು ಪದ್ಧತಿಯೇ ನಾಲ್ಕು ಹೊಡೆತ ಕಡಿತ ಮಾಡಿ ವಾಪಸ್ ತೆಗೆದುಕೊಳ್ಳುತ್ತದೆ. ಅವರು ಬ್ಲೂ, ನೀವು ವೈಟ್, ಇಬ್ಬರೂ ಒಂದೇ ಪಂದ್ಯ ಆಡಬಹುದು. ನಿಮ್ಮ ಕೋರ್ಸಿನ ನಿಜವಾದ ಅಂಕಿ ಸ್ಕೋರ್‌ಕಾರ್ಡಿನಲ್ಲಿ ಅಥವಾ ಮೊದಲ ಟೀ ಹತ್ತಿರದ ಬೋರ್ಡಿನಲ್ಲಿ ಇರುತ್ತದೆ, ಶನಿವಾರ ಹೊರಡುವ ಮೊದಲು ಗೆಳೆಯರಿಗೂ ತೋರಿಸಿಬಿಡಿ. ಓಬಿ ಹೊಡೆತದ ಲೆಕ್ಕ ಮಾತ್ರ ಕಾರ್ಡಿನ ಅಂಚಿನಲ್ಲಿ ಬರೆಯುತ್ತಾ ಇರಿ, ಮುಂದಿನ ಸಲ ಅದನ್ನೇ ಇಲ್ಲಿ ಹಾಕಿ.