ಸಹಾಯ ಬೇಕು: ಆಪರೇಷನ್ ಆದ ಮೇಲೂ ಮೊಣಕಾಲು ನಿಲ್ಲುತ್ತಿಲ್ಲ

ನಾವು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವರು. ಕಳೆದ ಮಳೆಗಾಲ ಮುಗಿದ ಮೇಲೆ ಅಮ್ಮನ ಬಲ ಮೊಣಗಂಟು ಬದಲಿಸಿದೆವು. ಮನೆಯೊಳಗೆ ಆರಾಮಾಗಿ ನಡೆಯುತ್ತಾರೆ. ತೋಟಕ್ಕೆ ಮೆಟ್ಟಿಲು ಇಳಿಯುವಾಗ, ಕುರ್ಚಿಯಿಂದ ಏಳುವಾಗ ಮಾತ್ರ ಕಾಲು ಜಾರಿ ಹೋದ ಹಾಗಾಗುತ್ತದೆ. ಸಂಜೆಗೆ ಬಾವು. ಜ್ವರ ಇಲ್ಲ.

ಎಕ್ಸ್‌ರೇ ಸರಿ ಇದೆಯಂತೆ. ಆದರೆ ಲಿಗಮೆಂಟ್ (ಗಂಟಿನ ಮೂಳೆಗಳನ್ನು ಹಿಡಿದಿಡುವ ಪಟ್ಟಿ) ಸಡಿಲ ಇದ್ದರೆ ಮಾಮೂಲಿ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು, ಅಲ್ವಾ? ತೊಡೆಯ ಸ್ನಾಯು ಸೋತಿದ್ದರೆ ವ್ಯಾಯಾಮ ಸಾಕಾಗಬಹುದು. ಲಿಗಮೆಂಟ್ ಸಡಿಲ ಆಗಿದ್ದರೆ ಕೆಲವರಿಗೆ ಮತ್ತೆ ಆಪರೇಷನ್ ಬೇಕಾಗುತ್ತದೆ. ಕೈಯಿಟ್ಟು ಪರೀಕ್ಷಿಸಿ ಬಿಡಿಸಿ ಹೇಳುವ ಮೂಳೆ ಡಾಕ್ಟರು ಕಾಸರಗೋಡು, ಮಂಗಳೂರು ಕಡೆ ಯಾರಿದ್ದಾರೆ?

ಮನೆಗೆ ಬರುವ ಫಿಸಿಯೋ ಕೂಡ ಬೇಕು, ಕನ್ನಡವೋ ತುಳುವೋ ಬಲ್ಲವರು. ಅಮ್ಮನಿಗೆ ಅಂಗಡಿ ವ್ಯವಹಾರಕ್ಕೆ ಮಲಯಾಳ ಸಾಕು, ನೋವು ಹೇಳಲು ಸಾಲದು. ಎಣ್ಣೆಯ ಸಲಹೆ ಮಾತ್ರ ಬೇಡ, ಈಗಾಗಲೇ ಜಾಸ್ತಿ ಬಂದಿದೆ.