ಉರ್ದು ಅಲಿಫ್‌ಗೂ ಇಂಗ್ಲಿಷ್ ಎಗೂ ಸಂಬಂಧ ಇದೆಯಾ?

ಮಂಡಿಮೊಹಲ್ಲಾ ಬ್ರಷ್:
ನಾನು ಮೈಸೂರಿನಲ್ಲಿ ಅಂಗಡಿ ಬೋರ್ಡ್ ಬರೆಯುತ್ತೇನೆ. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಮ್ಮಿ. ಆದರೂ ಕೈಬರಹವೇ ಬೇಕು ಅನ್ನುವವರು ಇನ್ನೂ ಇದ್ದಾರೆ. ಕನ್ನಡ, ಇಂಗ್ಲಿಷ್, ಉರ್ದು ಮೂರೂ ಬರೆಯುತ್ತೇನೆ. ಉರ್ದು ಓದಲು ಬರಲ್ಲ, ಚೀಟಿ ನೋಡಿಕೊಂಡು ಎಳೆಯುವುದು ಅಷ್ಟೇ.

ಹೋದ ವಾರ ಒಂದು ಬಳೆ ಅಂಗಡಿಗೆ ‘ಚೂಡಿ’ ಅಂತ ಬರೆಯಬೇಕಿತ್ತು. ಮೊದಲ ಅಕ್ಷರದ ಕೆಳಗೆ ಮೂರು ಚುಕ್ಕೆ. ಚೀಟಿ ಮೇಲೆ ಟೀ ಚೆಲ್ಲಿತ್ತು, ನನಗೆ ಕಂಡಿದ್ದು ಒಂದೇ. ಒಂದೇ ಇಟ್ಟೆ. ಅದು ‘ಜೋಡಿ’ ಆಗಿಹೋಯಿತು! ಇಲ್ಲಿ ಗಂಡು ಹೆಣ್ಣು ನೋಡ್ತೀರಾ ಅಂತ ಯಾರೋ ಕೇಳಿದರಂತೆ. ಬೈಸಿಕೊಂಡೆ, ತಿದ್ದಿಕೊಟ್ಟೆ.

ಅವತ್ತಿನಿಂದ ತಲೆಯಲ್ಲಿ ಎರಡು ಹುಳ. ಒಂದೇ ಆಕಾರ ಇಟ್ಟುಕೊಂಡು ಚುಕ್ಕೆಯಲ್ಲಿ ಯಾಕೆ ಆಟ ಆಡಿಸುತ್ತಾರೆ? ಇನ್ನೊಂದು, ಮಗಳ ಗಣಿತದ ಪುಸ್ತಕದಲ್ಲಿ ಆಲ್ಫಾ, ಬೀಟಾ. ಇಲ್ಲಿ ಅಲಿಫ್, ಬೇ. ಇದು ಸುಮ್ನೆ ಹೊಂದಿಕೊಂಡಿದ್ದಾ?

ಮದ್ದೂರು ಮೇಷ್ಟ್ರು:
ಸುಮ್ನೆ ಅಲ್ಲಪ್ಪಾ, ಎರಡೂ ಒಂದೇ ಬಳ್ಳಿಯವು. ಒಂದು ಕಾಗದದ ಮೇಲೆ ಇಂಗ್ಲಿಷ್ ದೊಡ್ಡ ಎ ಬರೆದು ತಲೆಕೆಳಗು ಮಾಡು. ಎರಡು ಕೊಂಬು, ಚೂಪು ಮೂತಿ. ಎತ್ತಿನ ತಲೆ! ಅರಬಿ, ಹೀಬ್ರೂ ಸೇರಿದ ಸೆಮಿಟಿಕ್ ಕುಟುಂಬದ ಹಳೆಯ ಭಾಷೆಗಳಲ್ಲಿ ಎತ್ತಿಗೆ ‘ಅಲ್ಪ್’, ‘ಅಲೆಫ್’ ಅನ್ನುತ್ತಿದ್ದರು. ‘ಬೇತ್’ ಅಂದರೆ ಮನೆ. ಎತ್ತಿನ ಚಿತ್ರ ಬರೆದು ಆ ಹೆಸರಿನ ಮೊದಲ ಸದ್ದನ್ನು ಮಾತ್ರ ಓದುವುದು, ಅಷ್ಟೇ ಉಪಾಯ.

ಸಿನಾಯ್ ಮರುಭೂಮಿಯ ಸೆರಾಬಿತ್ ಎಲ್ ಖಾದಿಮ್‌ನಲ್ಲಿ ಫಿರೋಜಾ ಹರಳಿನ ಗಣಿಗಳಿದ್ದವು. ಅಲ್ಲಿ 1905ರಲ್ಲಿ ಉತ್ಖನನ ಮಾಡುತ್ತಿದ್ದ ಫ್ಲಿಂಡರ್ಸ್ ಪೆಟ್ರಿಗೆ ಇಂಥ ಬರಹ ಸಿಕ್ಕಿತು. ಹೆಚ್ಚುಕಮ್ಮಿ 3,500ರಿಂದ 3,800 ವರ್ಷ ಹಳೆಯವು. 1916ರಲ್ಲಿ ಈಜಿಪ್ಟ್ ಲಿಪಿಗಳ ಪಂಡಿತ ಅಲನ್ ಗಾರ್ಡಿನರ್ ಒಂದು ಪದ ಬಿಡಿಸಿದರು. ಮನೆ, ಕಣ್ಣು, ಎತ್ತು ತಿವಿಯುವ ಕೋಲು, ಅಡ್ಡಗೀಟಿನ ಗುರುತು. ಓದಿದರೆ ‘ಬಅಲತ್’, ಅಂದರೆ ಒಡತಿ, ಅಲ್ಲಿನ ದೇವತೆ. ಆ ಕೋಲೇ ಇವತ್ತಿನ ಇಂಗ್ಲಿಷ್ ಎಲ್. ಕಣ್ಣು ಓ ಆಯಿತು. ನೀರಿನ ಅಲೆ ಎಂ ಆಯಿತು, ಅದು ಇನ್ನೂ ಅಲೆ ಥರಾನೇ ಇದೆ ನೋಡು.

ಆಮೇಲೆ ಇಂದಿನ ಲೆಬನಾನ್ ಕರಾವಳಿಯ ಫಿನೀಷಿಯನ್ನರು ಇದರಿಂದ 22 ಅಕ್ಷರ ಇಟ್ಟುಕೊಂಡರು, ಎಲ್ಲವೂ ವ್ಯಂಜನ. ಅವರಿಂದ ಗ್ರೀಕರು ಕಲಿತರು. ಅಲೆಫ್ ಗಂಟಲಲ್ಲಿ ತಡೆದು ಹೊರಡುವ ಸದ್ದು. ಗ್ರೀಕರಿಗೆ ಆ ಸದ್ದು ಬೇಡವಾಗಿತ್ತು, ಹಾಗಾಗಿ ಅಕ್ಷರವನ್ನು ‘ಅ’ಗೆ ಬಳಸಿಕೊಂಡರು. ಅದೇ ರೋಮನ್ನರ ಕೈ ದಾಟಿ ಇಂಗ್ಲಿಷಿಗೆ ಬಂತು.

ಕಾತಿಬರ ಮಗ:
ಬ್ರಷ್ ಅಣ್ಣ, ಚುಕ್ಕೆ ವಿಷಯ ನಾನು ಹೇಳ್ತೀನಿ. ನಮ್ಮ ತಂದೆ ಕಾತಿಬ್, ಅಂದರೆ ಕೈಬರಹದವರು. ಉರ್ದು ಲಗ್ನಪತ್ರಿಕೆ ಕೈಯಲ್ಲೇ ಬರೆಯುತ್ತಿದ್ದರು. ನುಕ್ತಾ, ಅಂದರೆ ಚುಕ್ಕೆ, ತಪ್ಪಿದರೆ ಬೆರಳಿಗೆ ಏಟು ಬೀಳುತ್ತಿತ್ತು.

ಉರ್ದುವಿಗೆ ಮೂಲವಾದ ಅರಬಿ ಲಿಪಿ ಬಂದಿದ್ದು ಫಿನೀಷಿಯನ್ ಅಕ್ಷರಗಳಿಂದಲೇ ಹುಟ್ಟಿದ ಅರಾಮಿಕ್‌ನಿಂದ, ಈಗಿನ ಜೋರ್ಡಾನಿನ ಪೆತ್ರಾದಲ್ಲಿದ್ದ ನಬಾತಿಯನ್ನರ ಕೈ ದಾಟಿ. ಅವರು ಬೇಗ ಬೇಗ ಕೂಡಿಸಿ ಬರೆದು ಬರೆದು ಬೇರೆ ಬೇರೆ ಅಕ್ಷರಗಳು ಒಂದೇ ಥರ ಸವೆದುಹೋದವು. ಮೇಲಾಗಿ ಅಕ್ಷರ 22, ಅರಬಿಗೆ ಬೇಕಿದ್ದ ಸದ್ದು 28. ಚುಕ್ಕೆ ಇಡದೆ ವಿಧಿ ಇರಲಿಲ್ಲ. ಕ್ರಿ.ಶ. 643ರ, ಜೊಂಡಿನಿಂದ ಮಾಡಿದ ಕಾಗದದಂಥ ಒಂದು ಪಪೈರಸ್‌ನಲ್ಲೇ ಚುಕ್ಕೆ ಇವೆ. ಏನದು ಗೊತ್ತಾ? 65 ಕುರಿ ತಗೊಂಡಿದ್ದಕ್ಕೆ ರಸೀದಿ! ನಿಮಗೆ ಕೈಕೊಟ್ಟ ‘ಚೇ’ ಅರಬಿಯಲ್ಲೇ ಇಲ್ಲ. ಫಾರಸಿಯವರು ‘ಜೀಮ್’ಗೆ ಇನ್ನೆರಡು ಚುಕ್ಕೆ ಸೇರಿಸಿ ಮಾಡಿಕೊಂಡಿದ್ದು.

ಹಳೇ ಹೆಸರುಗಳು ನಮ್ಮ ಮಾತಲ್ಲಿ ಇನ್ನೂ ಇವೆ. ‘ಐನ್’ ಅನ್ನೋ ಅಕ್ಷರದ ಹೆಸರಿನ ಅರ್ಥ ಕಣ್ಣು, ಕನ್ನಡಕ ‘ಐನಕ್’. ಅಂಗಡಿಗಳ ಮೇಲೆ 786 ಬರೆದಿರುತ್ತೀರಲ್ಲ, ಅದು ಬಿಸ್ಮಿಲ್ಲಾದ ಅಕ್ಷರಗಳ ಬೆಲೆ ಕೂಡಿದ ಮೊತ್ತ, ಒಂದೊಂದು ಅಕ್ಷರಕ್ಕೂ ಒಂದೊಂದು ಅಂಕಿ ಇದೆ. ಆ ಲೆಕ್ಕಕ್ಕೆ ಹಳೇ ಕ್ರಮವೇ ಬೇಕು: ಅಲಿಫ್, ಬೇ, ಜೀಮ್, ದಾಲ್. ಆಲ್ಫಾ, ಬೀಟಾ, ಗಾಮಾ, ಡೆಲ್ಟಾ. ಅದರಲ್ಲೇ ಮುಂದೆ ಕಾಫ್, ಲಾಮ್, ಮೀಮ್, ನೂನ್ ಬರುತ್ತೆ. ಇಂಗ್ಲಿಷಿನ ಕೆ, ಎಲ್, ಎಂ, ಎನ್ ಹೇಳಿ ನೋಡಿ.

ಕಲ್ಲುಬರಹ:
ಹಾಗಾದರೆ ಕನ್ನಡವೂ ಅಲ್ಲಿಂದಲೇ ಬಂತು ಅಂತ ಯಾರಾದರೂ ಶುರು ಮಾಡುವ ಮೊದಲೇ ಹೇಳಿಬಿಡುತ್ತೇನೆ. ನಮ್ಮದು ಬ್ರಾಹ್ಮಿಯಿಂದ ಬಂದದ್ದು. ಬ್ರಾಹ್ಮಿಗೂ ಅರಾಮಿಕ್‌ಗೂ ನಂಟು ಇದೆಯಾ ಅನ್ನುವುದರ ಮೇಲೆ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ. ಆದರೆ ಅರಾಮಿಕ್‌ನಿಂದ ಹುಟ್ಟಿದ ಖರೋಷ್ಠಿ ನಮ್ಮ ಚಿತ್ರದುರ್ಗ ಜಿಲ್ಲೆಗೇ ಬಂದಿತ್ತು. ಬಿ.ಎಲ್. ರೈಸ್ 1892ರಲ್ಲಿ ಕಂಡುಹಿಡಿದ ಬ್ರಹ್ಮಗಿರಿಯ ಅಶೋಕನ ಶಾಸನ ಇದೆಯಲ್ಲ, ಅದು ಪೂರ್ತಿ ಬ್ರಾಹ್ಮಿ. ಕೊನೆಯಲ್ಲಿ ಬರೆದವನ ಹೆಸರು, ಚಪಡ. ಆಮೇಲೆ ‘ಲಿಪಿಕಾರ’ ಅನ್ನುವ ಪದವನ್ನು ಮಾತ್ರ ಅವನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ನನಗೂ ಎರಡು ಲಿಪಿ ಬರುತ್ತೆ ಕಣ್ರಯ್ಯಾ ಅಂತ ಜಂಬ ಕೊಚ್ಚಿಕೊಂಡಿದ್ದಾನೆ ಅನ್ನೋದು ನನ್ನ ಅನಿಸಿಕೆ.

ಮಂಡಿಮೊಹಲ್ಲಾ ಬ್ರಷ್:
ಮೇಷ್ಟ್ರೇ, ರಾತ್ರಿ ಚಾಕ್‌ಪೀಸಿನಲ್ಲಿ ತಲೆಕೆಳಗಾದ ಎ ಬರೆದು ಮನೆಯವಳಿಗೆ ತೋರಿಸಿದೆ. ಅವಳ ತವರು ನಾಗಮಂಗಲದ ಕಡೆ. ‘ಎತ್ತು ಹೌದು, ಆದರೆ ಹಳ್ಳಿಕಾರ್ ಅಲ್ಲ. ಅದರ ಕೊಂಬು ಇಷ್ಟು ನೆಟ್ಟಗಿರಲ್ಲ, ಹಿಂದಕ್ಕೆ ಬಾಗಿರುತ್ತೆ’ ಅಂದಳು.

ಚಪಡನ ಕತೆ ಕೇಳಿ ಖುಷಿಯಾಯಿತು. ನಾನೂ ಬೋರ್ಡಿನ ಮೂಲೆಯಲ್ಲಿ ಸಣ್ಣದಾಗಿ ಹೆಸರು ಹಾಕುತ್ತೇನೆ, ಇಷ್ಟು ದಿನ ಕನ್ನಡದಲ್ಲಿ ಮಾತ್ರ. ಕಾತಿಬ್ ಭಾಯಿ, ನನ್ನ ಹೆಸರನ್ನು ಉರ್ದುವಿನಲ್ಲಿ ಒಂದು ಚೀಟಿಯಲ್ಲಿ ಬರೆದುಕೊಡ್ತೀರಾ? ಎಲ್ಲೆಲ್ಲಿ ಎಷ್ಟು ಚುಕ್ಕೆ ಅಂತ ಪಕ್ಕದಲ್ಲಿ ಅಂಕಿಯಲ್ಲೂ ಬರೆದುಬಿಡಿ.